ಮಧ್ಯಾಹ್ನ 11, ನಸುಕಿನಲ್ಲಿ ಸೊನ್ನೆ: ಕೆರೆಯ ನೀರನ್ನು ಅಳೆಯುವ ಬಗೆ

ಪ್ರಶ್ನೆ: ನಮ್ಮ ಕೆರೆಯ ನೀರು ಬೇಸಿಗೆಯಲ್ಲಿ ಕಡುಹಸಿರಾಗುತ್ತದೆ. ಪ್ರಯೋಗಾಲಯದವರು ಒಮ್ಮೆ ಮಧ್ಯಾಹ್ನ 3 ಗಂಟೆಗೆ ಬಂದು ಸ್ಥಳದಲ್ಲೇ ಅಳೆದರು. ನೀರಿನ ಉಷ್ಣತೆ 30 ಡಿಗ್ರಿ, ಕರಗಿದ ಆಮ್ಲಜನಕ ಲೀಟರಿಗೆ 11.2 ಮಿಲಿಗ್ರಾಂ, ಪಿಎಚ್ 9.1, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಘನಪದಾರ್ಥ) 410 ಎಂದು ಬರೆದು, ‘ಆಮ್ಲಜನಕ ತೃಪ್ತಿಕರ’ ಎಂದು ಷರಾ ಹಾಕಿದ್ದರು. ಹತ್ತೇ ದಿನಕ್ಕೆ, ಒಂದು ಬೆಳಗ್ಗೆ ದಂಡೆಯುದ್ದಕ್ಕೂ ಮೀನು ಸತ್ತು ಬಿದ್ದಿದ್ದವು. ವರದಿ ಸುಳ್ಳೇ? ನಾವೇ ತಪ್ಪದೆ ಪರೀಕ್ಷೆ ಮಾಡುತ್ತಾ ಹೋಗಬೇಕೆಂದರೆ ಏನನ್ನು, ಹೇಗೆ ಅಳೆಯಬೇಕು? ಕಾರಂಜಿಯಂಥ ಏರೇಟರ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ವರದಿ ಸುಳ್ಳಲ್ಲ, ಅಳೆದ ಹೊತ್ತು ಸರಿಯಿಲ್ಲ. ಷರಾ ಬರೆದವರು ಅಂಕಿಯನ್ನು ನೋಡಿದರು, ಗಡಿಯಾರವನ್ನು ನೋಡಲಿಲ್ಲ.

ಸಮುದ್ರಮಟ್ಟದಲ್ಲಿ 30 ಡಿಗ್ರಿ ಉಷ್ಣತೆಯ ಸಿಹಿನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 7.6 ಮಿಲಿಗ್ರಾಂ ಮಾತ್ರ. 20 ಡಿಗ್ರಿಯಲ್ಲಿ ಅದು 9.1. ಎತ್ತರಕ್ಕೆ ಹೋದಂತೆ ಇನ್ನೂ ಕಡಿಮೆ. 900 ಮೀಟರ್ ಎತ್ತರದಲ್ಲಿ ಶೇ 10ರಷ್ಟು ಕಳೆಯಬೇಕು. ನಿಮ್ಮ ಕೆರೆಯಲ್ಲಿ ಇದ್ದದ್ದು 11.2, ಅಂದರೆ ಹಿಡಿಸುವುದಕ್ಕಿಂತ ಒಂದೂವರೆ ಪಟ್ಟು. ಹೆಚ್ಚುವರಿ ಬಂದದ್ದು ಗಾಳಿಯಿಂದಲ್ಲ, ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸುತ್ತಿದ್ದ ಪಾಚಿಯಿಂದ. ಪಿಎಚ್ 9.1 ಕೂಡ ಅದನ್ನೇ ಹೇಳುತ್ತದೆ: ಪಾಚಿ ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಷ್ಟೂ ಪಿಎಚ್ ಏರುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ, ಅದೇ ತಳದ ಕೆಸರು, ಅದೇ ಬ್ಯಾಕ್ಟೀರಿಯಾ ರಾತ್ರಿಯಿಡೀ ಆಮ್ಲಜನಕವನ್ನು ತಿನ್ನುತ್ತವೆ. ಸೂರ್ಯೋದಯಕ್ಕೆ ತುಸು ಮೊದಲು ಮಟ್ಟ ತೀರಾ ಕೆಳಗಿಳಿಯುತ್ತದೆ. ಹಗಲಿನ 11 ನಸುಕಿನಲ್ಲಿ 1 ಆಗಬಹುದು, ಸೊನ್ನೆಯೂ ಆಗಬಹುದು. ಹಿಂದಿನ ದಿನ ಮೋಡ ಕವಿದಿದ್ದು ರಾತ್ರಿ ಗಾಳಿಯೂ ಬೀಸದಿದ್ದರೆ ಅದು ಬಹುತೇಕ ಖಚಿತ. 5ಕ್ಕಿಂತ ಕೆಳಗಿಳಿದರೆ ಮೀನುಗಳಿಗೆ ಕಷ್ಟ ಶುರುವಾಗುತ್ತದೆ. 2ಕ್ಕಿಂತ ಕೆಳಗೆ ಹೆಚ್ಚಿನ ಜಾತಿಗಳು ಉಸಿರುಗಟ್ಟುತ್ತವೆ.

ಜೊತೆಗೆ ಅಮೋನಿಯಾದ ಪೆಟ್ಟೂ ಇದ್ದಿರಬಹುದು. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ಅಯಾನು ಆಗದೆ ಉಳಿದ ಭಾಗ ಮಾತ್ರ ಮೀನಿಗೆ ಕಡುವಿಷ. 25 ಡಿಗ್ರಿಯಲ್ಲಿ ಆ ಭಾಗ ಪಿಎಚ್ 7ರಲ್ಲಿ ಶೇ 0.6, ಪಿಎಚ್ 8ರಲ್ಲಿ ಶೇ 5, ಪಿಎಚ್ 9ರಲ್ಲಿ ಶೇ 36. ಕೊಳಚೆ ಒಂದಿಷ್ಟೂ ಹೆಚ್ಚದಿದ್ದರೂ ಪಾಚಿ ಪಿಎಚ್ ಏರಿಸಿದ್ದರಿಂದಲೇ ನೀರು ವಿಷವಾಗಬಹುದು ಎಂದರ್ಥ. ಸಾವಿನ ಕಾರಣ ಊಹಿಸಲು ಒಂದು ಹಳೆಯ ಗುರುತಿದೆ. ಆಮ್ಲಜನಕ ಕುಸಿದಾಗ ದೊಡ್ಡ ಮೀನುಗಳು ಮೊದಲು ಸಾಯುತ್ತವೆ, ಅದೂ ನಸುಕಿನಲ್ಲಿ. ಉಳಿದವು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿರುತ್ತವೆ. ಕೀಟನಾಶಕದಂಥ ವಿಷ ಹರಿದು ಬಂದಿದ್ದರೆ ಸಾಮಾನ್ಯವಾಗಿ ಮರಿಗಳೇ ಮೊದಲು ಬೀಳುತ್ತವೆ, ಹೊತ್ತುಗೊತ್ತು ಇರುವುದಿಲ್ಲ.

ಇನ್ನು ಏನನ್ನು ಅಳೆಯಬೇಕು ಎಂಬುದು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 6.3.2 ಎಂಬ ಸೂಚಕವಿದೆ. ಕೆರೆ, ನದಿಗಳ ಸ್ಥಿತಿ ತಿಳಿಯಲು ಅದು ಐದನ್ನು ಮೂಲ ಅಳತೆ ಎಂದು ಎತ್ತಿಕೊಳ್ಳುತ್ತದೆ: ಕರಗಿದ ಆಮ್ಲಜನಕ, ವಿದ್ಯುತ್ ವಾಹಕತೆ, ಪಿಎಚ್, ಸಾರಜನಕ, ರಂಜಕ (ಫಾಸ್ಫರಸ್). ನಿಮಗೂ ಇವು ಸಾಕು. ಉಷ್ಣತೆ ಮತ್ತು ನೀರಿನ ತಿಳಿಯನ್ನು ಸೇರಿಸಿಕೊಳ್ಳಿ. ಜನ ಆ ನೀರಿಗಿಳಿಯುತ್ತಾರೆ ಎಂದಾದರೆ, ನೀರಿಗೆ ಮಲ ಸೇರಿದ್ದನ್ನು ತೋರಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಪರೀಕ್ಷೆ ಕೂಡ ಬೇಕು. ಭಾರಲೋಹ, ಕೀಟನಾಶಕ ಎಂದು ಮೊದಲ ದಿನವೇ ಉದ್ದ ಪಟ್ಟಿ ಹಿಡಿದು ಹೋದವರು ಒಂದೇ ಸಲ ಪರೀಕ್ಷೆ ಮಾಡಿಸಿ ನಿಲ್ಲಿಸುತ್ತಾರೆ. ಐದು ಅಳತೆ ಇಪ್ಪತ್ನಾಲ್ಕು ಸಲ ಸಿಗುವುದು ಐವತ್ತು ಅಳತೆ ಒಂದು ಸಲ ಸಿಗುವುದಕ್ಕಿಂತ ಎಷ್ಟೋ ಮೇಲು.

ಟಿಡಿಎಸ್ ಮೀಟರಿನ ಬಗ್ಗೆ ಭ್ರಮೆ ಬೇಡ. ಅದು ಅಳೆಯುವುದು ವಿದ್ಯುತ್ ವಾಹಕತೆಯನ್ನು, ಅದನ್ನು 0.5ರಿಂದ 0.7ರೊಳಗಿನ ಯಾವುದೋ ಒಂದು ಅಂಕಿಯಿಂದ ಗುಣಿಸಿ ‘ಟಿಡಿಎಸ್’ ಎಂದು ತೋರಿಸುತ್ತದೆ. ರೋಗಾಣು, ಕೀಟನಾಶಕ ಅದಕ್ಕೆ ಕಾಣುವುದಿಲ್ಲ. ಕೆರೆಯನ್ನು ಹಸಿರು ಮಾಡಲು ಸಾಕಾಗುವ, ಲೀಟರಿಗೆ 0.1 ಮಿಲಿಗ್ರಾಂ ರಂಜಕ ಬಂದರೂ ಅದರ ಅಂಕಿ ಕದಲುವುದಿಲ್ಲ. ಹಾಗೆಂದು ಎಸೆಯಬೇಡಿ. ವಾಹಕತೆಯ ಬೆಲೆ ಇರುವುದು ಏರಿಳಿತದಲ್ಲಿ. ಸಾಮಾನ್ಯವಾಗಿ 600 ಮೈಕ್ರೋಸೀಮೆನ್ಸ್ ತೋರುವ ಒಳಹರಿವಿನ ಕಾಲುವೆ ಒಣಹವೆಯಲ್ಲೂ ಒಂದು ದಿನ 900 ತೋರಿದರೆ ಮೇಲೆಲ್ಲೋ ಕೊಳಚೆ ಅಥವಾ ಕಾರ್ಖಾನೆಯ ನೀರು ಸೇರಿದೆ. ಕಾಲುವೆಯಗುಂಟ ಮೇಲಕ್ಕೆ ನಡೆಯುತ್ತಾ ಪ್ರತಿ ಕೂಡುಜಾಗದಲ್ಲೂ ಮೀಟರ್ ಅದ್ದಿದರೆ ಸೇರಿದ ಜಾಗ ಅರ್ಧ ದಿನದಲ್ಲಿ ಸಿಗುತ್ತದೆ. ಮೀಟರನ್ನು 1413 ಮೈಕ್ರೋಸೀಮೆನ್ಸಿನ ಪ್ರಮಾಣಿತ ದ್ರಾವಣದಲ್ಲಿ ಹೊಂದಿಸಿಕೊಳ್ಳಿ. ಓದು 25 ಡಿಗ್ರಿಗೆ ಸರಿಪಡಿಸಿದ್ದೇ ಎಂದು ನೋಡಿ. ಉಷ್ಣತೆ ಒಂದು ಡಿಗ್ರಿ ಬದಲಾದರೆ ವಾಹಕತೆ ಸುಮಾರು ಶೇ 2 ಬದಲಾಗುತ್ತದೆ.

ಪಿಎಚ್ ಮೀಟರ್ ಹಾಳಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಅದರ ತುದಿಯನ್ನು ಒಣಗಲು ಬಿಡುತ್ತಾರೆ, ಇಲ್ಲವೇ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಡುತ್ತಾರೆ. ಇಡಬೇಕಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ. ಹಸಿರು ಕೆರೆಗೆ ಪಿಎಚ್ 7 ಮತ್ತು 10ರ ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಎರಡರಲ್ಲೂ ಹೊಂದಿಸಿ. 7 ಮತ್ತು 4ರಲ್ಲಿ ಹೊಂದಿಸಿ 9.1 ಓದಿದರೆ ಅದು ಅಂದಾಜು ಮಾತ್ರ.

ಇಷ್ಟರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಕರಣಕ್ಕೆ ಬ್ಯಾಟರಿಯೇ ಬೇಡ. 20 ಸೆಂಟಿಮೀಟರ್ ಅಡ್ಡಳತೆಯ ಒಂದು ಬಿಲ್ಲೆ, ಅದರ ಮೇಲ್ಮೈಯನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ, ಕೆಳಗೊಂದು ತೂಕ, 10 ಸೆಂಟಿಮೀಟರಿಗೊಂದು ಗುರುತಿರುವ ಹಗ್ಗ. ಸೆಕಿ ಬಿಲ್ಲೆ ಎನ್ನುತ್ತಾರೆ. ಆಂಜೆಲೊ ಸೆಕಿ ಎಂಬ ಇಟಲಿಯ ಖಗೋಳ ವಿಜ್ಞಾನಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ, ಪೋಪರ ಹಡಗಿನಿಂದ, ಇಂಥ ಬಿಳಿ ಬಿಲ್ಲೆಗಳನ್ನು ಇಳಿಬಿಟ್ಟು ಪರೀಕ್ಷಿಸಿದ. ಬೆಳಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ, ದೋಣಿಯ ನೆರಳಿರುವ ಬದಿಯಿಂದ, ತಂಪು ಕನ್ನಡಕ ತೆಗೆದು, ಬಿಲ್ಲೆಯನ್ನು ಇಳಿಸಿ. ಕಣ್ಣಿಗೆ ಮರೆಯಾದ ಆಳ ಬರೆದುಕೊಳ್ಳಿ, ಇನ್ನೂ ಇಳಿಸಿ, ಮೇಲೆತ್ತುವಾಗ ಮತ್ತೆ ಕಂಡ ಆಳ ಬರೆದುಕೊಳ್ಳಿ. ಎರಡರ ಸರಾಸರಿಯೇ ಸೆಕಿ ಆಳ. ಹಗ್ಗ ಹತ್ತಿಯದಾದರೆ ನೆನೆದಾಗ ಉದ್ದ ಬದಲಾಗುತ್ತದೆ. ಲೋಹದ ಅಳತೆಪಟ್ಟಿ ಕಟ್ಟುವುದು ಒಳ್ಳೆಯದು. ದೋಣಿ ತೇಲುತ್ತಾ ಹಗ್ಗ ಓರೆಯಾದರೆ ಆಳ ಹೆಚ್ಚು ಬರುತ್ತದೆ. ಮರೆಯಾಗುವ ಮೊದಲೇ ಬಿಲ್ಲೆ ತಳ ಮುಟ್ಟಿದರೆ ‘ತಳ ಕಂಡಿತು’ ಎಂದು ಬರೆಯಿರಿ, ಅಂಕಿ ಹಾಕಬೇಡಿ.

1977ರಲ್ಲಿ ರಾಬರ್ಟ್ ಕಾರ್ಲ್‌ಸನ್ ಈ ಆಳವನ್ನು ಒಂದು ಸೂಚ್ಯಂಕಕ್ಕೆ ಕೂರಿಸಿದರು. 4 ಮೀಟರ್ ಎಂದರೆ 40, 2 ಮೀಟರ್ ಎಂದರೆ 50, 1 ಮೀಟರ್ ಎಂದರೆ 60, ಅರ್ಧ ಮೀಟರ್ ಎಂದರೆ 70. ಆಳ ಅರ್ಧವಾದಾಗಲೆಲ್ಲ ಹತ್ತು ಅಂಕ ಏರುತ್ತದೆ. 50 ದಾಟಿದ ಕೆರೆಯಲ್ಲಿ ಪೋಷಕಾಂಶ ಅತಿಯಾಗಿದೆ ಎಂದು ತಿಳಿಯಬಹುದು. ಒಂದು ಎಚ್ಚರಿಕೆ: ಈ ಲೆಕ್ಕ ನೀರನ್ನು ಮಸುಕು ಮಾಡಿದ್ದು ಪಾಚಿಯೇ ಎಂದು ನಂಬಿ ಮಾಡಿದ್ದು. ಮಳೆಯ ನಂತರದ ಬಗ್ಗಡ ನೀರಿಗೆ ಇದು ಹೊಂದುವುದಿಲ್ಲ. ಅನುಮಾನ ಬಂದರೆ ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಅಲುಗಾಡಿಸದೆ ಒಂದು ರಾತ್ರಿ ಇಡಿ. ಮಣ್ಣಾದರೆ ಹೆಚ್ಚಿನಂಶ ತಳಕ್ಕೆ ಕೂರುತ್ತದೆ. ಹಸಿರು ಕೆನೆ ಮೇಲಕ್ಕೆ ಬಂದು ನಿಂತರೆ ಅದು ಬಹುಶಃ ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ. ಆಗ ಕೈಗವಸು ಹಾಕಿಕೊಳ್ಳಿ. ದನ, ನಾಯಿ ಆ ನೀರು ಕುಡಿಯದಂತೆ ನೋಡಿಕೊಳ್ಳಿ. ಅದರ ಮೈಕ್ರೊಸಿಸ್ಟಿನ್ ಎಂಬ ವಿಷ ಕುದಿಸಿದರೆ ಹೋಗುವುದಿಲ್ಲ. ಕುದಿಸಿದಾಗ ಜೀವಕೋಶ ಒಡೆದು ವಿಷ ನೀರಿಗೆ ಇನ್ನಷ್ಟು ಬಿಡುಗಡೆಯಾಗುತ್ತದೆ.

ಆಮ್ಲಜನಕಕ್ಕೆ ಮೀಟರ್ ಕೊಳ್ಳುವುದಾದರೆ ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಗೆಯದು ಲೇಸು. ಪೊರೆಯ ಬಗೆಯ ಮೀಟರ್ ಅಳೆಯುತ್ತಲೇ ಆಮ್ಲಜನಕವನ್ನು ತಿನ್ನುತ್ತದೆ. ನಿಂತ ನೀರಿನಲ್ಲಿ ಅದನ್ನು ಮೆಲ್ಲಗೆ ಆಡಿಸುತ್ತಿರದಿದ್ದರೆ ಅಂಕಿ ಇಳಿಯುತ್ತಲೇ ಹೋಗುತ್ತದೆ. ಪೊರೆಯಡಿ ಒಂದು ಗುಳ್ಳೆ ಸಿಕ್ಕಿಕೊಂಡರೂ ಓದು ಕೆಡುತ್ತದೆ. ಮೀಟರ್ ಇಲ್ಲದಿದ್ದರೆ, ಅಥವಾ ಮೀಟರನ್ನೇ ಪರೀಕ್ಷಿಸಬೇಕೆಂದರೆ, 1888ರ ವಿಂಕ್ಲರ್ ವಿಧಾನ ಇಂದಿಗೂ ನಂಬಬಹುದಾದದ್ದು. 300 ಮಿಲಿಲೀಟರಿನ, ಗಾಜಿನ ಬಿರಡೆಯ ಬಾಟಲಿಯನ್ನು ನೀರಿನೊಳಗೆ ಓರೆಯಾಗಿ ಮುಳುಗಿಸಿ ತುಂಬಿ, ಒಳಗೆ ಗುಳ್ಳೆ ಉಳಿಯದಂತೆ ನೀರಿನಡಿಯಲ್ಲೇ ಬಿರಡೆ ಹಾಕಿ. ದಂಡೆಗೆ ಬಂದು ಬಿರಡೆ ತೆಗೆದು 1 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಬಳಿಕ 1 ಮಿಲಿಲೀಟರ್ ಕ್ಷಾರೀಯ ಅಯೋಡೈಡ್-ಅಜೈಡ್ ದ್ರಾವಣವನ್ನು ಪಿಪೆಟ್ಟಿನ ತುದಿ ನೀರಿನೊಳಗಿರುವಂತೆ ಬಿಡಿ. ಬಿರಡೆ ಹಾಕಿ, ಹಲವು ಬಾರಿ ತಲೆಕೆಳಗು ಮಾಡಿ. ಕಂದು ಬಣ್ಣದ ಮಡ್ಡಿ ಕಂಡರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲವೇ ಇಲ್ಲ. ನಸುಕಿನಲ್ಲಿ ಆ ಬಿಳಿ ಮಡ್ಡಿ ಕಂಡ ಮೇಲೆ ಇನ್ನಾವ ವರದಿಯೂ ಬೇಕಾಗುವುದಿಲ್ಲ. ಮಡ್ಡಿ ಅರ್ಧಕ್ಕೆ ಇಳಿದಾಗ ಇನ್ನೊಮ್ಮೆ ಅಲುಗಿಸಿ, ಮತ್ತೆ ಇಳಿದ ಮೇಲೆ 1 ಮಿಲಿಲೀಟರ್ ಗಾಢ ಸಲ್ಫ್ಯೂರಿಕ್ ಆಮ್ಲ ಸೇರಿಸಿ. ಮಡ್ಡಿ ಕರಗಿ ಹಳದಿ-ಕಂದು ದ್ರಾವಣವಾಗುತ್ತದೆ. ಅದರಲ್ಲಿ 201 ಮಿಲಿಲೀಟರ್ ತೆಗೆದು 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ಹನಿಸುತ್ತಾ ಹೋಗಿ. ಬಣ್ಣ ಒಣಹುಲ್ಲಿನಷ್ಟು ತಿಳಿಯಾದಾಗ ಮಾತ್ರ ಪಿಷ್ಟದ ದ್ರಾವಣ ಕೆಲವು ಹನಿ ಹಾಕಿ, ನೀಲಿಯಾಗುತ್ತದೆ. ನೀಲಿ ಮೊದಲ ಬಾರಿಗೆ ಮಾಯವಾದಾಗ ನಿಲ್ಲಿಸಿ. ಖರ್ಚಾದ ಪ್ರತಿ ಮಿಲಿಲೀಟರ್ ಥಯೋಸಲ್ಫೇಟ್ ಎಂದರೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. 201 ಏಕೆಂದರೆ, ಮೊದಲ ಎರಡು ದ್ರಾವಣಗಳು ಬಾಟಲಿಯಿಂದ ಹೊರತಳ್ಳಿದ 2 ಮಿಲಿಲೀಟರ್ ನೀರಿನ ಲೆಕ್ಕ ಸರಿಹೋಗಬೇಕಲ್ಲ. ಕೆಡುವುದು ಎಲ್ಲಿ? ಪಿಷ್ಟವನ್ನು ಮೊದಲೇ ಹಾಕಿದರೆ ಕೊನೆಯ ಹಂತ ಸ್ಪಷ್ಟವಾಗಿ ಕಾಣುವುದಿಲ್ಲ. ಥಯೋಸಲ್ಫೇಟ್ ಹಳತಾದಂತೆ ಶಕ್ತಿ ಕಳೆದುಕೊಂಡು ಆಮ್ಲಜನಕ ಹೆಚ್ಚೆಂದು ತೋರಿಸುತ್ತದೆ. ಅಜೈಡ್ ವಿಷ, ಆಮ್ಲ ಸುಡುತ್ತದೆ: ಕೈಗವಸು, ಕನ್ನಡಕ, ಬಯಲು ಗಾಳಿ ಕಡ್ಡಾಯ, ಮಕ್ಕಳ ಕೈಗೆ ಬೇಡ. ಉಳಿದದ್ದನ್ನು ಕೆರೆಗೆ ಸುರಿಯಬೇಡಿ.

ಯಾವ ವಿಧಾನವಾದರೂ ಸರಿ, ಒಂದೇ ದಿನ ಎರಡು ಹೊತ್ತು ಅಳೆಯಿರಿ: ಸೂರ್ಯೋದಯಕ್ಕೆ ಮೊದಲು ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ. ವ್ಯತ್ಯಾಸ 1–2 ಮಿಲಿಗ್ರಾಂ ಇದ್ದರೆ ಚಿಂತೆಯಿಲ್ಲ. 8–9 ಇದ್ದರೆ ಮುಂದಿನ ಮೋಡದ ದಿನವೇ ಮೀನು ಸಾಯಬಹುದು. ಕೆರೆ ಆಳವಿದ್ದರೆ ಮೇಲ್ಪದರದ ಜೊತೆಗೆ ತಳದಿಂದ ಅರ್ಧ ಮೀಟರ್ ಮೇಲೂ ಅಳೆಯಿರಿ. ಮೇಲೆ 8, ತಳದಲ್ಲಿ ಸೊನ್ನೆ ಇರುವ ಕೆರೆಗಳು ಬೇಕಾದಷ್ಟಿವೆ. ಬಿರುಗಾಳಿ ಮಳೆಗೆ ತಳದ ನೀರು ಮೇಲೆ ಬಂದು ಬೆರೆತಾಗಲೂ ಮೀನು ಸಾಯುತ್ತವೆ.

ರಂಜಕದ ಪರೀಕ್ಷೆಯನ್ನು ಪ್ರಯೋಗಾಲಯಕ್ಕೇ ಬಿಡಿ, ಆದರೆ ಕೇಳಬೇಕಾದದ್ದನ್ನು ಸರಿಯಾಗಿ ಕೇಳಿ. ಬೇಕಾದದ್ದು ‘ಒಟ್ಟು ರಂಜಕ’, ಬರೀ ಕರಗಿದ ಫಾಸ್ಫೇಟ್ ಅಲ್ಲ. ಕಡುಹಸಿರು ಕೆರೆಯಲ್ಲಿ ಕರಗಿದ ಫಾಸ್ಫೇಟ್ ಸೊನ್ನೆಯ ಹತ್ತಿರ ಬರಬಹುದು, ಏಕೆಂದರೆ ಅದಷ್ಟೂ ಆಗಲೇ ಪಾಚಿಯ ಹೊಟ್ಟೆ ಸೇರಿರುತ್ತದೆ. ಲೀಟರಿಗೆ 35 ಮೈಕ್ರೋಗ್ರಾಂ ದಾಟಿದರೆ ಕೆರೆ ಅತಿಪೋಷಣೆಯದು ಎನ್ನುವುದು ಎಲ್ಲೆಡೆ ಬಳಸುವ ಒಂದು ಗಡಿ. ಅಕ್ವೇರಿಯಂ ಕಿಟ್‌ಗಳ ಬಣ್ಣದ ಪಟ್ಟಿಯಲ್ಲಿ ಇಷ್ಟು ಸಣ್ಣ ಅಂಕಿ ಇರುವುದೇ ಇಲ್ಲ. ಬಾಟಲಿಯನ್ನು ಸೋಪಿನ ಪುಡಿಯಲ್ಲಿ ತೊಳೆದರೆ ಆ ಪುಡಿಯ ಫಾಸ್ಫೇಟನ್ನೇ ಅಳೆದಂತಾಗುತ್ತದೆ. ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿದ್ದು ಬೇಕು. ವರದಿಯಲ್ಲಿ ‘ಫಾಸ್ಫೇಟ್’ ಎಂದು ಬರೆದಿದ್ದಾರೋ ‘ರಂಜಕ’ ಎಂದೋ ನೋಡಿ: ರಂಜಕದ ಅಂಕಿಯನ್ನು 3.07ರಿಂದ ಗುಣಿಸಿದರೆ ಫಾಸ್ಫೇಟ್. ಹಾಗೆಯೇ ಸಾರಜನಕದ ಅಂಕಿಯನ್ನು 4.43ರಿಂದ ಗುಣಿಸಿದರೆ ನೈಟ್ರೇಟ್. ಈ ಎರಡನ್ನು ಬೆರೆಸಿಕೊಂಡು ‘ಹೋದ ವರ್ಷಕ್ಕಿಂತ ಮಾಲಿನ್ಯ ನಾಲ್ಕು ಪಟ್ಟು ಏರಿದೆ’ ಎಂದು ಗಾಬರಿಗೊಳ್ಳುವುದು ಅಪರೂಪವೇನಲ್ಲ.

ನೀರು ತೆಗೆಯುವ ಜಾಗಗಳು: ಪ್ರತಿ ಒಳಹರಿವು, ಕೋಡಿ, ಕೆರೆಯ ಆಳದ ಮಧ್ಯ. ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗೆ, ಹರಿಯುವ ನೀರಾದರೆ ಬಾಟಲಿಯ ಬಾಯಿ ಹರಿವಿಗೆ ಎದುರಾಗಿ, ನಿಮ್ಮ ಕಾಲು ಎಬ್ಬಿಸಿದ ಕೆಸರು ಸೇರದಂತೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಬಾರಿ ಜಾಲಾಡಿ ತುಂಬಿ. ಇ. ಕೋಲೈ ಬಾಟಲಿಯನ್ನು ಮಾತ್ರ ಜಾಲಾಡಬಾರದು, ಅದು ಕ್ರಿಮಿಶುದ್ಧ ಮಾಡಿದ್ದು. ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿ, ಮಂಜುಗಡ್ಡೆಯಲ್ಲಿಟ್ಟು 6 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಹತ್ತು ಬಾಟಲಿಗೊಂದರಂತೆ ಅದೇ ಜಾಗದ ಜೋಡಿ ಬಾಟಲಿ ಕಳಿಸಿ, ಎರಡೂ ಒಂದೇ ಎಂದು ಹೇಳಬೇಡಿ. ಬಟ್ಟಿ ನೀರನ್ನು ದಂಡೆಯಲ್ಲಿ ಬಾಟಲಿಗೆ ಸುರಿದು ಅದನ್ನೂ ಕಳಿಸಿ. ಜೋಡಿಗಳ ಅಂಕಿ ದೂರದೂರ ಬಂದರೆ, ಅಥವಾ ಬಟ್ಟಿ ನೀರಿನಲ್ಲಿ ರಂಜಕ ಕಂಡರೆ, ತಪ್ಪು ಕೆರೆಯದ್ದಲ್ಲ.

ಈಗ ನಿಜವಾದ ಲೆಕ್ಕ. ಕಾಲುವೆಯ ನೀರಿನಲ್ಲಿ ರಂಜಕ ಎಷ್ಟಿದೆ ಎನ್ನುವುದು ಅರ್ಧ ಉತ್ತರ. ದಿನಕ್ಕೆ ಎಷ್ಟು ರಂಜಕ ಕೆರೆಗೆ ಬೀಳುತ್ತದೆ ಎನ್ನುವುದು ಪೂರ್ತಿ ಉತ್ತರ. ನೇರವಾಗಿರುವ ಕಡೆ ಕಾಲುವೆಯಲ್ಲಿ 10 ಮೀಟರ್ ಗುರುತು ಮಾಡಿ. ಮುಕ್ಕಾಲು ಪಾಲು ನೀರು ತುಂಬಿ ಮುಚ್ಚಿದ ಸಣ್ಣ ಬಾಟಲಿಯನ್ನು ತೇಲಿಬಿಟ್ಟು ಹೊತ್ತು ನೋಡಿ, ಐದು ಸಲ. ಸರಾಸರಿ 25 ಸೆಕೆಂಡ್ ಬಂತೆನ್ನಿ: ವೇಗ ಸೆಕೆಂಡಿಗೆ 0.4 ಮೀಟರ್. ಮೇಲ್ಮೈಯ ನೀರು ತಳದ್ದಕ್ಕಿಂತ ವೇಗವಾಗಿ ಓಡುವುದರಿಂದ 0.85ರಿಂದ ಗುಣಿಸಿ, 0.34. ಕಾಲುವೆಯ ಅಗಲ 1.2 ಮೀಟರ್, ಸರಾಸರಿ ಆಳ 15 ಸೆಂಟಿಮೀಟರ್ ಆದರೆ ಹರಿವು ಸೆಕೆಂಡಿಗೆ ಸುಮಾರು 61 ಲೀಟರ್. ಅದರಲ್ಲಿ ಲೀಟರಿಗೆ 2 ಮಿಲಿಗ್ರಾಂ ಒಟ್ಟು ರಂಜಕವಿದ್ದರೆ ದಿನಕ್ಕೆ ಹತ್ತೂವರೆ ಕಿಲೋಗ್ರಾಂ ಕೆರೆ ಸೇರಿತು. ಪಕ್ಕದ ಮಳೆನೀರ ಕಾಲುವೆ ಭೋರೆಂದು ಸೆಕೆಂಡಿಗೆ 600 ಲೀಟರ್ ತಂದರೂ, ಅದರಲ್ಲಿರುವುದು 0.2 ಮಿಲಿಗ್ರಾಂ, ಹರಿಯುವುದು 3 ಗಂಟೆ ಎಂದಾದರೆ, ತಂದದ್ದು 1.3 ಕಿಲೋಗ್ರಾಂ. ಎಲ್ಲರ ಕಣ್ಣು ಬೀಳುವುದು ಭೋರ್ಗರೆಯುವ ಕಾಲುವೆಯ ಮೇಲೆ. ಕೆರೆಯನ್ನು ಕೊಲ್ಲುವುದು ಸದ್ದಿಲ್ಲದೆ ಹರಿಯುವ ಸಣ್ಣದು. ಹಣ, ಶ್ರಮ ಎಲ್ಲಿ ಹಾಕಬೇಕೆಂದು ಈ ಲೆಕ್ಕ ತೋರಿಸುತ್ತದೆ.

ರಂಜಕಕ್ಕೇ ಏಕೆ ಇಷ್ಟು ಜೋತುಬಿದ್ದೆ ಎಂದರೆ, 1973ರಲ್ಲಿ ಡೇವಿಡ್ ಶಿಂಡ್ಲರ್ ತಂಡ ಕೆನಡಾದ 226ನೇ ಸಂಖ್ಯೆಯ ಪ್ರಾಯೋಗಿಕ ಸರೋವರವನ್ನು ಪರದೆಯಿಂದ ಎರಡು ಮಾಡಿ, ಎರಡೂ ಕಡೆ ಇಂಗಾಲ ಮತ್ತು ಸಾರಜನಕ, ಒಂದು ಕಡೆ ಮಾತ್ರ ರಂಜಕ ಹಾಕಿತು. ಹಸಿರಾದದ್ದು ರಂಜಕ ಬಿದ್ದ ಅರ್ಧ ಮಾತ್ರ. ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಕೊಳಚೆಯನ್ನು 1963ರಿಂದ 1968ರೊಳಗೆ ಬೇರೆಡೆಗೆ ತಿರುಗಿಸಿದರು; ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಅದು ಆಳದ ಸರೋವರ. ಆಳವಿಲ್ಲದ ಕೆರೆ ಅಷ್ಟು ಬೇಗ ಸುಧಾರಿಸುವುದಿಲ್ಲ. ತಳದ ಹೂಳಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ಹಳೆಯ ರಂಜಕ, ತಳದಲ್ಲಿ ಆಮ್ಲಜನಕ ಮುಗಿದಾಗಲೆಲ್ಲ ಬಿಡಿಸಿಕೊಂಡು ಮೇಲೆ ಬರುತ್ತಿರುತ್ತದೆ.

ಏರೇಟರ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅದು ಒಂದು ರಾತ್ರಿ ಮೀನನ್ನು ಉಳಿಸೀತು, ರಂಜಕವನ್ನು ಹೊರಹಾಕಲಾರದು. ಹಾಕಿಸಿದರೂ ನಡುರಾತ್ರಿಯಿಂದ ಸೂರ್ಯೋದಯದವರೆಗೆ ಓಡಿಸಿ. ನೋಡಲು ಚೆಂದವೆಂದು ಮಧ್ಯಾಹ್ನ ಓಡಿಸಿದರೆ, 11 ಇರುವ ನೀರನ್ನು ಗಾಳಿಗೆ ಎರಚಿ ಆಮ್ಲಜನಕವನ್ನು ಹೊರಗೆ ಕಳಿಸಿದಂತೆ! ಆಳವಿಲ್ಲದ ಕಡೆ ಅದು ಕೆಸರನ್ನೂ ಎಬ್ಬಿಸುತ್ತದೆ. ನೀರಿಗೆ ಎರಚುವ ‘ಸೂಕ್ಷ್ಮಜೀವಿ ಪುಡಿ’ಗಳ ಬಗ್ಗೆ ಕೇಳುವವರಿಗೂ ಇದೇ ಮಾತು: ಸಾವಯವ ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನಬಲ್ಲದು, ರಂಜಕ ಮೂಲಧಾತು, ಅದನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಮೈಲುತುತ್ತ ಹಾಕುವ ಯೋಚನೆಯಂತೂ ಕಡುಹಸಿರು ಕೆರೆಯಲ್ಲಿ ಬೇಡವೇ ಬೇಡ. ಪಾಚಿಯೆಲ್ಲ ಒಟ್ಟಿಗೆ ಸತ್ತು ಕೊಳೆಯುವಾಗ ಇದ್ದಬದ್ದ ಆಮ್ಲಜನಕವೂ ಹೋಗುತ್ತದೆ, ವಿಷವೂ ನೀರಿಗೆ ಸೇರುತ್ತದೆ.

ಉಳಿಸುವ ಕೆಲಸ ಒಳಹರಿವಿನ ಬಾಯಲ್ಲಿದೆ. ಕೊಳಚೆಯನ್ನು ತಿರುಗಿಸುವುದು ಮೊದಲು. ಮಳೆನೀರಿನ ಕಾಲುವೆಗೆ ಕೆರೆ ಸೇರುವ ಮುನ್ನ ಹೂಳು ತಂಗುವ ಗುಂಡಿ, ಅದರಾಚೆ ಜೊಂಡಿನ ತೇವಭೂಮಿ. ಜೊಂಡನ್ನು ಒಣಗುವ ಮೊದಲೇ ಕೊಯ್ದು ದೂರ ಸಾಗಿಸಬೇಕು. ಅಲ್ಲೇ ಕೊಳೆತರೆ ಹೀರಿದ್ದರಲ್ಲಿ ಬಹುಪಾಲು ಮರಳಿ ನೀರಿಗೆ. ಕಳೆ ತೆಗೆದು ಏರಿಯ ಮೇಲೆ ರಾಶಿ ಹಾಕುವವರಿಗೂ ಇದು ಅನ್ವಯ, ಮೊದಲ ಮಳೆಗೆ ಅದರ ರಸ ಕೆರೆಗೇ ಇಳಿಯುತ್ತದೆ. ಹೂಳೆತ್ತುವಾಗ ಮೇಲಿನ ಕಪ್ಪು ಪದರವನ್ನಷ್ಟೇ ತೆಗೆಯಿರಿ, ನೀರು ಇಂಗಿಹೋಗದಂತೆ ತಡೆದಿರುವ ಜೇಡಿಯನ್ನು ಕೆರೆಯಬೇಡಿ. ದಂಡೆಯನ್ನು ಗೋಡೆಯಂತೆ ಕಡಿದಾಗಿ ಕೊರೆದರೆ ಜೊಂಡು ಬೇರೂರಲು ಜಾಗವೇ ಉಳಿಯುವುದಿಲ್ಲ.

ಮತ್ತೊಮ್ಮೆ ಮೀನು ಸತ್ತರೆ ಮೊದಲ ಅರ್ಧ ಗಂಟೆಯೇ ಮುಖ್ಯ. ಸೂರ್ಯ ಏರುವ ಮುನ್ನ ಆಮ್ಲಜನಕ, ಪಿಎಚ್, ಉಷ್ಣತೆ ಅಳೆದು, ಗಂಟೆ ನಮೂದಿಸಿ. ಒಂದು ಲೀಟರ್ ಗಾಜಿನ ಬಾಟಲಿ ತುಂಬ ನೀರು ತೆಗೆದು ತಂಪಿನಲ್ಲಿ, ಕತ್ತಲಲ್ಲಿ ಇಡಿ. ಕೀಟನಾಶಕದ ಅನುಮಾನ ಬಂದರೆ ಅದು ಬೇಕಾಗುತ್ತದೆ. ಸತ್ತ ಮೀನಿನ ಗಾತ್ರ, ಜಾತಿ ಬರೆದುಕೊಳ್ಳಿ. ಹತ್ತು ಗಂಟೆಗೆ ಯಾರೋ ಮೀಟರ್ ತರುವಷ್ಟರಲ್ಲಿ ಉಳಿದ ಪಾಚಿ ಬಿಸಿಲಿಗೆ ಕೆಲಸ ಶುರುಮಾಡಿ, ಆಮ್ಲಜನಕ ಮತ್ತೆ 6 ತೋರಿಸುತ್ತಿರುತ್ತದೆ.